ಮಳೆ, ಬಿಸಿಲು, ಬೆಳೆ: ಹಲವು ಚರಗಳ ಸಮೀಕರಣಕ್ಕೊಂದು ನಕ್ಷೆ

ಚಳ್ಳಕೆರೆ ಸೀಮೆಯು ನಮ್ಮ ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಅಲ್ಲಿನ ಕೆಮ್ಮಣ್ಣಿನ ಹೊಲಗಳಲ್ಲಿ ರೈತರು ಮುಂಗಾರನ್ನೇ ನಂಬಿ ಶೇಂಗಾ ಬಿತ್ತುತ್ತಾರೆ; ಆ ಶೇಂಗಾವನ್ನು ಅರೆದ ಗಿರಣಿಗಳಿಂದಲೇ ಊರಿಗೆ ಎಣ್ಣೆಯ ನಗರವೆಂಬ ಹೆಸರು ಬಂದಿತು. ಬೆಳೆ ಕೈಕೊಟ್ಟ ವರ್ಷ ಮಳೆ ಸಾಲದಾಯಿತೆಂದು ಕೆಲವರೂ, ಬಿಸಿಲು ಸುಟ್ಟಿತೆಂದು ಕೆಲವರೂ ಹೇಳುವುದು ಸಹಜ. ನೀರಿನ ಕೊರತೆಯೇ ಕಾರಣವಾದರೆ ಹೊಲದಲ್ಲಿ ಹೊಂಡ ತೋಡಬೇಕು. ಬಿಸಿಲೇ ಕಾರಣವಾದರೆ ತಾಪವನ್ನು ತಾಳುವ ತಳಿಯನ್ನು ಹುಡುಕಬೇಕು. ರೋಗವನ್ನು ತಪ್ಪಾಗಿ ಗುರುತಿಸಿದರೆ ಔಷಧಕ್ಕೆ ಸುರಿದ ಹಣವೆಲ್ಲ ವ್ಯರ್ಥ.

ತೊಡಕೆಂದರೆ, ಮಳೆಯ ಕೊರತೆಯೂ ಬಿಸಿಲಿನ ಏರಿಕೆಯೂ ಜೊತೆಜೊತೆಯಾಗಿ ಬರುತ್ತವೆ. ಇವನ್ನು ಬೇರ್ಪಡಿಸಿ ತೂಗಲು ಸಂಖ್ಯಾಶಾಸ್ತ್ರಜ್ಞರು ಹಲವು ಚರಗಳ ರಿಗ್ರೆಷನ್ ಸಮೀಕರಣವನ್ನು ಬಳಸುತ್ತಾರೆ. ಗಣಕಯಂತ್ರದ ಸ್ಪ್ರೆಡ್‌ಷೀಟ್ ಈ ಸಮೀಕರಣವನ್ನು ಕ್ಷಣಾರ್ಧದಲ್ಲಿ ಕೊಡುತ್ತದೆ. ಆದರೆ ಅದರ ನಕ್ಷೆಯನ್ನು ಬರೆಯಹೊರಟ ವಿದ್ಯಾರ್ಥಿ ಅಲ್ಲಿಯೇ ಎಡವುತ್ತಾನೆ. ಬಿಸಿಲಿನ ಅಂಕಿಗಳ ಎದುರು ಇಳುವರಿಯನ್ನು ಚುಕ್ಕೆಗಳಾಗಿ ಗುರುತಿಸಿ, ಅವುಗಳ ನಡುವೆ ಟ್ರೆಂಡ್‌ಲೈನ್ ಎಳೆಯಿಸಿದರೆ, ಬಂದ ಗೆರೆಗೂ ತಾನು ಪಡೆದ ಸಮೀಕರಣಕ್ಕೂ ತಾಳೆಯಾಗುವುದಿಲ್ಲ. ಒಮ್ಮೊಮ್ಮೆ ಎರಡೂ ವಿರುದ್ಧ ದಿಕ್ಕಿಗೆ ಓಡುತ್ತವೆ! ಇದು ಯಂತ್ರದ ದೋಷವಲ್ಲ.

ಇದಕ್ಕೆ ಶತಮಾನ ದಾಟಿದ ಒಂದು ಉದಾಹರಣೆಯಿದೆ. ಇಂಗ್ಲೆಂಡಿನ ಆರ್. ಎಚ್. ಹೂಕರ್ ಎಂಬ ವಿದ್ವಾಂಸನು ಹವೆಗೂ ಬೆಳೆಗೂ ಇರುವ ಸಂಬಂಧವನ್ನು ಕುರಿತು 1907ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಅವನು ಬಳಸಿದ ಅಂಕಿಗಳಲ್ಲಿ ಕೆಲವನ್ನು ಯೂಲ್ ಎಂಬ ಸಂಖ್ಯಾಶಾಸ್ತ್ರಜ್ಞನು ತನ್ನ ಪಠ್ಯಪುಸ್ತಕದಲ್ಲಿ ಅಭ್ಯಾಸಕ್ಕಾಗಿ ಕೊಟ್ಟನು. ಅವು ಇಂಗ್ಲೆಂಡಿನ ಒಂದು ಭಾಗದ 20 ವರ್ಷಗಳ ಹುಲ್ಲಿನ ಬೆಳೆಯ ಲೆಕ್ಕ. ಎಕರೆಗೆ ಸರಾಸರಿ ಇಳುವರಿ 28.02 ಹಂಡ್ರೆಡ್‌ವೇಟ್ (ಒಂದು ಹಂಡ್ರೆಡ್‌ವೇಟ್ ಎಂದರೆ ಸುಮಾರು 51 ಕಿಲೋಗ್ರಾಂ). ವಸಂತದ ಮಳೆ ಸರಾಸರಿ 4.91 ಅಂಗುಲ, 42 ಡಿಗ್ರಿ ಫ್ಯಾರನ್‌ಹೀಟ್‌ಗೆ ಮೇಲ್ಪಟ್ಟ ಶಾಖವನ್ನು ವಸಂತದುದ್ದಕ್ಕೂ ಕೂಡಿಸಿದ ಮೊತ್ತ ಸರಾಸರಿ 594. ಇವುಗಳಿಂದ ದೊರೆಯುವ ಸಮೀಕರಣವಿದು:

ಇಳುವರಿ = 9.31 + 3.37 × ಮಳೆ + 0.00364 × ಶಾಖ

ಶಾಖದ ಗುಣಕ ಧನವಾಗಿದೆಯೆಂಬುದನ್ನು ಗಮನಿಸಿರಿ. ಮಳೆ ಅಷ್ಟೇ ಇದ್ದು ಶಾಖದ ಮೊತ್ತ 100 ಹೆಚ್ಚಿದರೆ ಇಳುವರಿ 0.36ರಷ್ಟು ಏರಬೇಕು. ಆದರೆ ಮಳೆಯನ್ನು ಮರೆತು ಶಾಖ-ಇಳುವರಿಗಳ ಚುಕ್ಕೆಗಳಿಗೆ ಗೆರೆ ಎಳೆದರೆ, ಅದೇ 100ಕ್ಕೆ ಇಳುವರಿ 2.08ರಷ್ಟು ಇಳಿಯುತ್ತದೆ. ಇಳಿಸಿದವರು ಯಾರು? ಶಾಖ ಹೆಚ್ಚಿದ ವಸಂತಗಳು ಒಣ ವಸಂತಗಳೂ ಆಗಿದ್ದುವು. ಶಾಖ 100 ಏರಿದಾಗ ಮಳೆ ಸರಾಸರಿ 0.72 ಅಂಗುಲ ಕಡಮೆಯಾಗುತ್ತಿತ್ತು. ಆ ಮಳೆಯ ನಷ್ಟದಿಂದ ಇಳುವರಿಗೆ 2.44ರ ಪೆಟ್ಟು, ಶಾಖ ತಾನಾಗಿ ಕೊಟ್ಟದ್ದು 0.36ರ ಲಾಭ, ಕಳೆದರೆ ಉಳಿಯುವುದು ಅದೇ 2.08. ಮಳೆ ಮಾಡಿದ ತಪ್ಪು ಶಾಖದ ತಲೆಗೆ ಬಂದಿತ್ತು.

ಹಾಗಾದರೆ ಸರಿಯಾದ ನಕ್ಷೆ ಯಾವುದು? ಒಂದು ಚರವಿದ್ದರೆ ಸಮೀಕರಣವು ಒಂದು ಗೆರೆ. ಎರಡಿದ್ದರೆ ಅದು ಗಾಳಿಯಲ್ಲಿ ಓರೆಯಾಗಿ ಹಿಡಿದ ಹಲಗೆಯಂತಹ ಸಮತಲ. ಸ್ಪ್ರೆಡ್‌ಷೀಟಿನ ಸರ್ಫೇಸ್ ನಕ್ಷೆಯಲ್ಲಿ ಈ ಹಲಗೆಯನ್ನು ತೋರಿಸಬಹುದು. ಅದು ಕಣ್ಣಿಗೆ ಚೆಂದ, ಅಂಕಿಯನ್ನು ಓದಿಕೊಳ್ಳಲು ಮಾತ್ರ ಕಷ್ಟ. ಹಲಗೆಯನ್ನು ಒಂದು ಚರದ ನಿರ್ದಿಷ್ಟ ಬೆಲೆಗಳಲ್ಲಿ ಕೊಯ್ದು, ಕೊಯ್ತದ ಅಂಚುಗಳನ್ನು ಹಾಳೆಯ ಮೇಲೆ ಬರೆಯುವುದೇ ಉತ್ತಮ ಮಾರ್ಗ.

ಕ್ರಮ ಹೀಗಿದೆ. ಬಿ ಸಾಲಿನಲ್ಲಿ ಮಳೆ, ಸಿ ಸಾಲಿನಲ್ಲಿ ಶಾಖ, ಡಿ ಸಾಲಿನಲ್ಲಿ ಇಳುವರಿಯನ್ನು ವರ್ಷವಾರು ಬರೆದು, ಲಿನೆಸ್ಟ್ ಎಂಬ ಸೂತ್ರದಿಂದ ಗುಣಕಗಳನ್ನು ಪಡೆಯಿರಿ. ಈ ಸೂತ್ರವು ಗುಣಕಗಳನ್ನು ಹಿಂದುಮುಂದಾಗಿ ಕೊಡುತ್ತದೆ: ಮೊದಲು ಶಾಖದ್ದು, ಬಳಿಕ ಮಳೆಯದು, ಕೊನೆಗೆ ಸ್ಥಿರಾಂಕ. ಅನಂತರ ಬೇರೊಂದು ಕಡೆ ಮಳೆಗೆ 3, 4, 5, 6 ಅಂಗುಲಗಳೆಂಬ ಬೆಲೆಗಳನ್ನಿಟ್ಟು, ಶಾಖವನ್ನು 594ರಲ್ಲೇ ನಿಲ್ಲಿಸಿ ಇಳುವರಿಯನ್ನು ಲೆಕ್ಕ ಹಾಕಿರಿ. 4 ಅಂಗುಲಕ್ಕೆ 24.95, 6 ಅಂಗುಲಕ್ಕೆ 31.69 ಬರುತ್ತದೆ. ಶಾಖವನ್ನು 509ಕ್ಕೂ 679ಕ್ಕೂ ಬದಲಿಸಿ ಇನ್ನೆರಡು ಗೆರೆಗಳನ್ನು ಎಳೆದರೆ ಮೂರೂ ಸಮಾಂತರವಾಗಿ, ಒಂದರ ಮೇಲೊಂದು ಬಿದ್ದಂತೆ ಇರುತ್ತವೆ. ನಡುವಿನ ಅಂತರ ಬರಿಯ 0.31. ತಿರುಗಿಸಿ, ಶಾಖವನ್ನು ಅಡ್ಡ ಅಕ್ಷಕ್ಕೆ ತಂದು ಮಳೆಯನ್ನು 3.81, 4.91, 6.01ರಲ್ಲಿ ನಿಲ್ಲಿಸಿದರೆ, ಮಟ್ಟಸವಾದ ಮೂರು ಗೆರೆಗಳು 3.71ರ ಅಂತರದಲ್ಲಿ ಏಣಿಯ ಮೆಟ್ಟಿಲಿನಂತೆ ಬೇರೆ ನಿಲ್ಲುತ್ತವೆ. ಬೆಳೆಯನ್ನು ಆಳುತ್ತಿರುವುದು ಯಾವುದೆಂದು ಚಿತ್ರವೇ ಹೇಳುತ್ತದೆ.

ಈ ಗೆರೆಗಳ ಜೊತೆಗೆ ವರ್ಷವರ್ಷದ ಚುಕ್ಕೆಗಳನ್ನೂ ತೋರಿಸುವ ಆಸೆಯಿದ್ದರೆ, ಅವನ್ನು ಮೊದಲು ಒಂದೇ ಶಾಖಕ್ಕೆ ತರಬೇಕು: ಆಯಾ ವರ್ಷದ ಶಾಖದಲ್ಲಿ 594ನ್ನು ಕಳೆದು, ಉಳಿದದ್ದನ್ನು 0.00364ರಿಂದ ಗುಣಿಸಿ, ಇಳುವರಿಯಿಂದ ತೆಗೆಯಬೇಕು. ಇಲ್ಲವಾದರೆ ಗೆರೆ ಒಂದು ಲೋಕದ್ದು, ಚುಕ್ಕೆ ಇನ್ನೊಂದು ಲೋಕದ್ದು.

ಇಂಗ್ಲೆಂಡಿನ ಈ ಗುಣಕಗಳು ಚಳ್ಳಕೆರೆಗೆ ಸಲ್ಲುವುದಿಲ್ಲ. ಅಲ್ಲಿಯ ವಸಂತದಲ್ಲಿ ಶಾಖವೆಂದರೆ ವರ. ಇಲ್ಲಿಯ ಬಿಸಿಲಿನ ಸ್ವಭಾವವೇ ಬೇರೆ. ಇಲ್ಲಿಯ ಸಮೀಕರಣಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಯ ಅಂಕಿಗಳೂ, ಬೆಳೆ ಕಟಾವು ಪ್ರಯೋಗಗಳ ಇಳುವರಿಯೂ ಆಧಾರವಾಗಬೇಕು. ಶೇಂಗಾಕ್ಕೆ ಮಳೆಯ ಒಟ್ಟು ಮೊತ್ತವೂ ಸಾಲದು. ಹೂವಿನಿಂದ ಹೊರಟ ಎಳೆ ನೆಲಕ್ಕಿಳಿದು ಕಾಯಿ ಕಟ್ಟುವ ವಾರಗಳಲ್ಲಿ ಬಿದ್ದ ಮಳೆಯನ್ನು ಬೇರೆಯಾಗಿ ಬರೆಯಬೇಕು. ನೆರೆಯ ಅನಂತಪುರ ಪ್ರದೇಶದ ಮಳೆಯಾಶ್ರಿತ ಶೇಂಗಾವನ್ನು ಕುರಿತು ಸುಲೋಚನಾ ಗಾಡ್ಗೀಳ್ ಅವರೂ ಸಂಗಡಿಗರೂ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೊಂದು ವಿಧಾನದಿಂದ, ಬಿತ್ತನೆಯ ಕಾಲಕ್ಕೂ ಇಳುವರಿಗೂ ಇರುವ ಸಂಬಂಧವನ್ನು ಪರಿಶೀಲಿಸಿದ್ದಾರೆ. ಅದನ್ನೂ ಸೇರಿಸಿದರೆ ಚರಗಳು ಮೂರು ನಾಲ್ಕಾದುವು. ಆಗ ಸರ್ಫೇಸ್ ನಕ್ಷೆಗೆ ಎಡೆಯೇ ಇಲ್ಲ. ಒಂದು ಚರವನ್ನು ಮಾತ್ರ ಓಡಲು ಬಿಟ್ಟು ಉಳಿದುವನ್ನೆಲ್ಲ ಸರಾಸರಿಯಲ್ಲಿ ನಿಲ್ಲಿಸಬೇಕು. ಯಾವುದನ್ನು ಎಷ್ಟಕ್ಕೆ ನಿಲ್ಲಿಸಿತೆಂಬುದನ್ನು ನಕ್ಷೆಯ ಅಡಿಯಲ್ಲಿ ಬರೆಯಬೇಕು. ಗೆರೆಯನ್ನು ದಾಖಲೆಯಲ್ಲಿರುವ ಅತಿ ಕಡಮೆ ಮಳೆಗಿಂತ ಎಡಕ್ಕೂ, ಅತಿ ಹೆಚ್ಚು ಮಳೆಗಿಂತ ಬಲಕ್ಕೂ ಎಳೆಯಬಾರದು.