ಗೊಬ್ಬರ ಕಾರ್ಖಾನೆಯ ಕಸ, ಮನೆಯ ಗೋಡೆ

ರಸಗೊಬ್ಬರಕ್ಕೆ ಬೇಕಾದ ಫಾಸ್ಫಾರಿಕ್ ಆಮ್ಲ ಒಂದು ಟನ್ ತಯಾರಾದರೆ, ಅದರ ಜೊತೆಗೆ ಸುಮಾರು 5 ಟನ್ ಫಾಸ್ಫೋಜಿಪ್ಸಂ ಹೊರಬೀಳುತ್ತದೆ. ಕೊಚ್ಚಿಯ ಫ್ಯಾಕ್ಟ್, ಮುಂಬಯಿಯ ಆರ್‌ಸಿಎಫ್‌ನಂಥ ಕಾರ್ಖಾನೆಗಳಿಗೆ ಈ ರಾಶಿಯನ್ನು ಎಲ್ಲಿ ಸುರಿಯುವುದೆಂಬುದೇ ತಲೆನೋವು. ಅದನ್ನು ಗೋಡೆಯಾಗಿಸುವ ವಿದ್ಯೆಯ ಹೆಸರು ಜಿಎಫ್‌ಆರ್‌ಜಿ, ಅಂದರೆ ಗಾಜಿನ ನಾರು ಬೆರೆತ ಜಿಪ್ಸಂ ಹಲಗೆ. ಇದು 1990ರ ಸುಮಾರಿಗೆ ಆಸ್ಟ್ರೇಲಿಯಾದಲ್ಲಿ ‘ರ‍್ಯಾಪಿಡ್‌ವಾಲ್’ ಎಂಬ ಹೆಸರಿನಲ್ಲಿ ಹುಟ್ಟಿತು. ಇಲ್ಲಿನ ಭೂಕಂಪಕ್ಕೆ, ಇಲ್ಲಿನ ಮನೆಗಳಿಗೆ ಹೊಂದುವಂತೆ ಅದನ್ನು ಪರೀಕ್ಷಿಸಿ ಬೆಳೆಸಿದ್ದು ಐಐಟಿ ಮದ್ರಾಸ್.

ಹಲಗೆಯ ಉದ್ದ 12 ಮೀಟರ್, ಎತ್ತರ 3 ಮೀಟರ್. ದಪ್ಪ ಮಾತ್ರ 124 ಮಿಲಿಮೀಟರ್, ಅದೂ ಒಳಗೆ ಟೊಳ್ಳು. ಚದರ ಮೀಟರಿಗೆ ಸುಮಾರು 44 ಕಿಲೋ ತೂಗುತ್ತದೆ. ಇಟ್ಟಿಗೆ ಗೋಡೆಯ ಮುಂದೆ ಇದು ಏನೇನೂ ಅಲ್ಲ.

ಬರಿಯ ಜಿಪ್ಸಂ ಅದುಮಿದರೆ ತಡೆಯುತ್ತದೆ, ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಮನೆಯ ಸೀಲಿಂಗಿಗೆ ಪಿಒಪಿ ಹಾಕುವವರು ತೆಂಗಿನ ನಾರನ್ನು ಹಿಟ್ಟಿನಲ್ಲಿ ಅದ್ದಿ ಬಳಸುವುದೂ, ಮಣ್ಣಿನ ಗೋಡೆಗೆ ಹುಲ್ಲು, ಹೊಟ್ಟು ಕಲಸಿ ತುಳಿಯುತ್ತಿದ್ದುದೂ ಈ ಕಾರಣಕ್ಕೇ. ಬಿರುಕು ಮೂಡುವುದನ್ನು ನಾರು ಪೂರ್ತಿ ತಡೆಯುವುದಿಲ್ಲ. ಮೂಡಿದ ಬಿರುಕಿನ ಎರಡು ದಡಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿರುಕು ಅಗಲವಾಗಬೇಕಾದರೆ ಪ್ರತಿಯೊಂದು ಎಳೆ ಹರಿಯಬೇಕು, ಇಲ್ಲವೇ ಕಿತ್ತು ಬರಬೇಕು.

ಕಾರ್ಖಾನೆಯಲ್ಲಿ ಮೊದಲು ಜಿಪ್ಸಂ ಹುರಿದು ಅದರ ನೀರಿನ ಅಂಶ ಕಳೆಯುತ್ತಾರೆ. ನೀರನ್ನೂ ನೀರು ಹೀರದಂತೆ ಮಾಡುವ ರಾಸಾಯನಿಕವನ್ನೂ ಸೇರಿಸಿ ಕಲಸಿದ ಹಿಟ್ಟನ್ನು ಉದ್ದನೆಯ ಮೇಜಿನ ಮೇಲೆ ಹರಡುತ್ತಾರೆ. ಮೇಲೆ ಕತ್ತರಿಸಿದ ಗಾಜಿನ ಎಳೆ ಉದುರಿಸಿ ಒತ್ತುತ್ತಾರೆ. ಆಮೇಲೆ ಅಲ್ಯೂಮಿನಿಯಂ ಅಚ್ಚುಗಳನ್ನು ಸಾಲಾಗಿ ಇಟ್ಟು, ನಡುವಿನ ಸಂದುಗಳಿಗೂ ಎಳೆ ಇಳಿಯುವಂತೆ ತುರುಕಿ, ಇನ್ನೊಂದು ಪದರ ಸುರಿಯುತ್ತಾರೆ. ಅರ್ಧ ಗಂಟೆಯೊಳಗೆ ಹಿಟ್ಟು ಗಟ್ಟಿಯಾಗುತ್ತದೆ. ಅಚ್ಚು ಎಳೆದು ತೆಗೆದರೆ ಒಳಗೆ ಟೊಳ್ಳುಗಳು ಉಳಿಯುತ್ತವೆ. ಸಂದಿಗೆ ನಾರು ಇಳಿಯದಿದ್ದರೆ ಹಲಗೆಯ ಎರಡು ಮುಖಗಳನ್ನು ಕೂಡಿಸುವ ಜಾಗವೇ ದುರ್ಬಲ, ಹಾಗಾಗಿ ತುರುಕುವ ಈ ಕೆಲಸದಲ್ಲೇ ಹಲಗೆಯ ಹಣೆಬರಹವಿದೆ.

ಸಿಮೆಂಟಿಗೂ ಹೀಗೇ ಗಾಜಿನ ನಾರು ಬೆರೆಸಬಹುದಲ್ಲ ಎಂದರೆ, ಅಲ್ಲೊಂದು ತೊಡಕಿದೆ. ಸಿಮೆಂಟಿನ ಕ್ಷಾರ ಸಾಮಾನ್ಯ ಗಾಜನ್ನು ಕೆಲವೇ ವರ್ಷಗಳಲ್ಲಿ ತಿಂದುಹಾಕುತ್ತದೆ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಕೇಂದ್ರದಲ್ಲಿದ್ದ ಎ.ಜೆ. ಮಜುಂದಾರ್ 1960ರ ದಶಕದ ಕೊನೆಗೆ ಜಿರ್ಕೋನಿಯಾ ಸೇರಿದ, ಕ್ಷಾರಕ್ಕೆ ಜಗ್ಗದ ಗಾಜಿನ ಎಳೆಯನ್ನು ರೂಪಿಸಿದ ಮೇಲೆ ದಾರಿ ತೆರೆಯಿತು. ಪಿಲ್ಕಿಂಗ್ಟನ್ ಕಂಪನಿ ಅದನ್ನು 1971ರಲ್ಲಿ ಮಾರುಕಟ್ಟೆಗೆ ತಂದಿತು. ಜಿಪ್ಸಂಗೆ ಆ ರಗಳೆಯಿಲ್ಲ. ಅಗ್ಗದ ಸಾಮಾನ್ಯ ಗಾಜೇ ಸಾಕು.

ನಿವೇಶನದಲ್ಲಿ ಕ್ರೇನು ಹಲಗೆಯನ್ನು ಎತ್ತಿ ಪಾಯದ ಮೇಲೆ ನಿಲ್ಲಿಸುತ್ತದೆ. ಬಾಗಿಲು, ಕಿಟಕಿಗಳ ಜಾಗವನ್ನು ಕಾರ್ಖಾನೆಯಲ್ಲೇ ಕೊರೆದು ಕಳಿಸಿರುತ್ತಾರೆ. ಟೊಳ್ಳುಗಳಲ್ಲಿ ಲೆಕ್ಕದ ಪ್ರಕಾರ ಕಂಬಿ ಇಳಿಸಿ ಕಾಂಕ್ರೀಟು ತುಂಬುತ್ತಾರೆ. ಚಾವಣಿಗೂ ಅದೇ ಹಲಗೆ, ಮೇಲೊಂದು ತೆಳು ಕಾಂಕ್ರೀಟು ಪದರ. ಗೋಡೆಯ ಮೈ ನಯವಾಗಿರುವುದರಿಂದ ಗಿಲಾವು ಬೇಡ. 2013ರಲ್ಲಿ ಐಐಟಿ ಮದ್ರಾಸ್ ಆವರಣದಲ್ಲಿ ನಾಲ್ಕು ಮನೆಗಳ ಎರಡಂತಸ್ತಿನ ಮಾದರಿ ಕಟ್ಟಡ ಸುಮಾರು ಒಂದು ತಿಂಗಳಲ್ಲಿ ಎದ್ದು ನಿಂತಿತು.

ಆದರೆ ಇದನ್ನು ಮೆಚ್ಚಿ ಬರೆಯುವವರು ಹೇಳದೆ ಬಿಡುವ ಮಾತುಗಳೂ ಇವೆ. ಫಾಸ್ಫೋಜಿಪ್ಸಂನಲ್ಲಿ ಅಲ್ಪಸ್ವಲ್ಪ ರೇಡಿಯಂ ಇರುತ್ತದೆ; ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿಯೊಳಗಿದ್ದರಷ್ಟೇ ಅದನ್ನು ಬಳಸಬಹುದು. ಬಚ್ಚಲು, ಅಡುಗೆಮನೆ, ಚಾವಣಿಯಲ್ಲಿ ನೀರು ನಿರೋಧಕ ಲೇಪ ಚೆನ್ನಾಗಿರಲೇಬೇಕು. ಇಕ್ಕಟ್ಟಿನ ಓಣಿಗೆ 12 ಮೀಟರಿನ ಹಲಗೆ ಹೊತ್ತ ಲಾರಿಯೂ ಬರುವುದಿಲ್ಲ, ಕ್ರೇನೂ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇಲ್ಲಿ ಗೋಡೆಯೇ ಭಾರ ಹೊರುತ್ತದೆ, ಬೇರೆ ಕಂಬಗಳಿಲ್ಲ. ಇಂಥ ಮನೆ ಕಟ್ಟಿಸುವವರು ನಕ್ಷೆಯನ್ನು ಮೊದಲೇ ಅಂತಿಮಗೊಳಿಸಿಕೊಳ್ಳಿ. ನಾಳೆ ಎಂಜಿನಿಯರನ್ನು ಕೇಳದೆ ಗೋಡೆ ಒಡೆದು ಬಾಗಿಲು ಇಡಿಸಬೇಡಿ.