ಪ್ರಾಣಿ ಕಾಣಿಸದಿದ್ದರೆ ಕಾಡು ಖಾಲಿಯೇ?

ಹಿಂಡಲಗಾದಿಂದ ಖಾನಾಪುರದ ಮೇಲೆ ಭೀಮಗಡಕ್ಕೆ ಹೋಗಿ ಬಂದವರ ಬಾಯಲ್ಲಿ ಒಂದು ಮಾತು ಕೇಳುತ್ತಿರುತ್ತೇವೆ: "ಅಲ್ಲಿ ಏನೂ ಕಾಣಂಗಿಲ್ಲ. ಪ್ರಾಣಿ ನೋಡಬೇಕಂದ್ರ ಬ್ಯಾಸಗ್ಯಾಗ ಕಬಿನಿಗೆ ಹೋಗಬೇಕು." ಈ ಸಲಹೆ ಸರಿಯೇ. ಆದರೆ ಅದರಿಂದ ಭೀಮಗಡದಲ್ಲಿ ಪ್ರಾಣಿಗಳೇ ಇಲ್ಲ ಎಂದುಕೊಂಡರೆ ತಪ್ಪು. ಏಕೆಂದು ನೋಡೋಣ.

ಕಬಿನಿಯಲ್ಲಿ ಬೇಸಿಗೆಯಲ್ಲೇ ಏಕೆ?

ಕಬಿನಿ ಅಣೆಕಟ್ಟಿನ ಹಿನ್ನೀರು ನಾಗರಹೊಳೆ ಮತ್ತು ಬಂಡೀಪುರ ಕಾಡುಗಳ ನಡುವೆ ಹರಡಿದೆ. ಮಾರ್ಚ್‌ನಿಂದ ಮೇವರೆಗೆ ಸುತ್ತಲಿನ ಹಳ್ಳಗಳು ಬತ್ತುತ್ತವೆ. ಹಿನ್ನೀರು ಇಳಿದಂತೆ ತೇವದ ನೆಲ ಹೊರಬಿದ್ದು ಹಸಿ ಹುಲ್ಲು ಚಿಗುರುತ್ತದೆ. ದೊಡ್ಡ ಆನೆಯೊಂದಕ್ಕೆ ದಿನಕ್ಕೆ 100 ಲೀಟರಿಗೂ ಹೆಚ್ಚು ನೀರು ಬೇಕು. ಹಾಗಾಗಿ ನೂರಾರು ಆನೆಗಳು ನೀರು, ಮೇವು ಎರಡೂ ಸಿಗುವ ಈ ದಡಕ್ಕೆ ಬರುತ್ತವೆ. ಎಲೆ ಉದುರಿದ ಕಾಡಿನಲ್ಲಿ ಕಣ್ಣಿಗೆ ಅಡ್ಡಿಯೂ ಕಡಿಮೆ. ಮುಂಗಾರು ಬಂದರೆ ಎಲ್ಲೆಡೆ ನೀರು, ಎಲ್ಲೆಡೆ ಮೇವು. ಆಗ ಅವು ಚದುರಿಹೋಗುತ್ತವೆ. ಅಂದರೆ ಆನೆಗಳು ಕಡಿಮೆಯಾದದ್ದಲ್ಲ, ಹಂಚಿಹೋದದ್ದು.

ಆಫ್ರಿಕಾದ ಸೆರೆಂಗೆಟಿ ಬಯಲಿನಲ್ಲೂ ಇದೇ ಲೆಕ್ಕ. ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು ಮಳೆ ಮತ್ತು ಹೊಸ ಹುಲ್ಲಿನ ಜಾಡು ಹಿಡಿದು ವರ್ಷವಿಡೀ ಸುತ್ತುತ್ತವೆ. ಫೆಬ್ರುವರಿಯಲ್ಲಿ ಅವುಗಳಿಂದ ತುಂಬಿದ ದಕ್ಷಿಣದ ಬಯಲು ಆಗಸ್ಟ್‌ನಲ್ಲಿ ಬರಿದಾಗಿ ಕಾಣುತ್ತದೆ.

ಭೀಮಗಡದ ಕಥೆ ಬೇರೆ

2011ರಲ್ಲಿ ವನ್ಯಜೀವಿಧಾಮವಾದ ಭೀಮಗಡ ಪಶ್ಚಿಮ ಘಟ್ಟದ ದಟ್ಟ ಕಾಡು. ಮಹದಾಯಿ ಹುಟ್ಟುವ ಈ ಸೀಮೆಯಲ್ಲಿ ಬೇಸಿಗೆಯಲ್ಲೂ ನೆರಳು, ನೀರು ಹಲವೆಡೆ ಸಿಗುತ್ತವೆ. ಪ್ರಾಣಿಗಳು ಬಯಲಿಗೆ ಬಂದು ಒಂದೆಡೆ ಸೇರಲೇಬೇಕಾದ ಅನಿವಾರ್ಯತೆ ಇಲ್ಲ. ಇಲ್ಲಿನ ಬಾರಾಪೇಡೆ ಗುಹೆಗಳಲ್ಲಿ ಜಗತ್ತಿನ ಅಪರೂಪದ ಬಾವಲಿಗಳಲ್ಲೊಂದಾದ ರೌಟನ್ ಬಾವಲಿ ವಾಸಿಸುತ್ತದೆ. ಅದು ಹೊರಬರುವುದು ರಾತ್ರಿ. ಹಗಲಿನಲ್ಲಿ ಬಂದುಹೋಗುವವರಿಗೆ ಅದು ಕಾಣುವುದಾದರೂ ಹೇಗೆ?

ಹಾಗಾದರೆ ಪ್ರಾಣಿಗಳಿವೆ ಎಂದು ತಿಳಿಯುವುದು ಹೇಗೆ?

ಹುಲಿ ಗಣತಿಯೂ ಎದುರಿಗೆ ಕಂಡ ಹುಲಿಗಳ ಎಣಿಕೆಯಲ್ಲ. ಹೆಜ್ಜೆಗುರುತು, ಹಿಕ್ಕೆ, ಮರದ ಮೇಲಿನ ಪರಚು ಗುರುತುಗಳನ್ನು ಹುಡುಕುತ್ತಾರೆ, ಕಾಡಿನ ದಾರಿಗಳಲ್ಲಿ ಸ್ವಯಂಚಾಲಿತ ಕ್ಯಾಮೆರಾ ಕಟ್ಟುತ್ತಾರೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಹೋಲುವುದಿಲ್ಲವಾದ್ದರಿಂದ ಫೋಟೊದಲ್ಲೇ ಒಂದೊಂದನ್ನೂ ಗುರುತಿಸಬಹುದು.

ಇದು ಬರೀ ಪ್ರವಾಸದ ಮಾತಲ್ಲ. 'ಖಾಲಿ' ಎಂದು ನಾವು ನಂಬಿದ ಕಾಡಿನ ನಡುವೆ ರಸ್ತೆಯೋ ವಿದ್ಯುತ್ ಮಾರ್ಗವೋ ಹಾಯ್ದರೆ, ಹೋದದ್ದೇನು ಎಂದು ಕೇಳುವವರೂ ಇರುವುದಿಲ್ಲ. ಮುಂದಿನ ಸಲ ಖಾನಾಪುರದ ಕಾಡಿಗೆ ಹೋದಾಗ ಕೆಸರಿನಲ್ಲಿ ಮೂಡಿದ ಹೆಜ್ಜೆಗಳನ್ನೂ ನೋಡಿ. ಅವೂ ವನ್ಯಜೀವಿ ದರ್ಶನವೇ.