ಕೋಟಿ ಕೊಟ್ಟು ಕೊಳ್ಳೋದು ಏನನ್ನ?

ವಾರಾಂತ್ಯದ ಪೇಪರ್ ಬಿಡಿಸಿದರೆ ಸುದ್ದಿ ಸಿಗೋ ಮೊದಲೇ ಪುಟ ತುಂಬ ಅಪಾರ್ಟ್‌ಮೆಂಟ್ ಜಾಹೀರಾತು. ನಾಲ್ಕು ಬೆಡ್‌ರೂಮು, ಇಟಾಲಿಯನ್ ಮಾರ್ಬಲ್ಲು, ಟೆರೇಸ್ ಮೇಲೊಂದು ಈಜುಕೊಳ. ಕೆಳಗಡೆ ಮೂಲೆಯಲ್ಲಿ ಸಣ್ಣದಾಗಿ ‘5 ಕೋಟಿಯಿಂದ ಆರಂಭ’. ಇದನ್ನೆಲ್ಲ ಯಾರಪ್ಪ ತಗೋತಾರೆ ಅಂದ್ಕೊಂಡು ಪುಟ ತಿರುಗಿಸ್ತೀವಿ. ತಗೋತಾರೆ. ಆಫೀಸಲ್ಲಿ ನಮ್ಮ ಜತೆ ಕೂತು ಕೋಡ್ ಬರೆಯೋರೇ ತಗೋತಾರೆ. ಯಾಕೆ ತಗೊಂಡ್ರಿ ಅಂತ ಕೇಳಿ ನೋಡಿ, ಮಾರ್ಬಲ್ಲಿನ ಮಾತು ಎಲ್ಲಕ್ಕಿಂತ ಕಡೆಗೆ ಬರುತ್ತೆ.

ಮೊದಲು ದುಡ್ಡಿನ ವಿಷಯ. ಬರೀ ಸಂಬಳ ಉಳಿಸಿ ಇಂಥ ಮನೆ ಕೊಳ್ಳೋದು ಕಷ್ಟ. ಬೆಂಗಳೂರಿನ ಐಟಿ ಮಂದಿಗೆ ಇಷ್ಟು ದೊಡ್ಡ ಗಂಟು ಒಂದೇ ಸಲ ಕೈಗೆ ಬರೋದು ಕಂಪನಿ ಕೊಟ್ಟ ಷೇರುಗಳಿಂದ. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಸುರಿದು ಫ್ಲಿಪ್‌ಕಾರ್ಟಿನ ಶೇ. 77ರಷ್ಟು ಪಾಲು ಕೊಂಡಾಗ, 2024ರ ನವೆಂಬರಿನಲ್ಲಿ ಸ್ವಿಗ್ಗಿ ಷೇರುಪೇಟೆಗೆ ಬಂದಾಗ, ಕಾಗದದ ಮೇಲಿದ್ದ ಇಸಾಪ್ ಎಷ್ಟೋ ಜನಕ್ಕೆ ನಿಜವಾದ ದುಡ್ಡಾಯಿತು. ಷೇರು ಮಾರಿದ ಲಾಭಕ್ಕೆ ತೆರಿಗೆ ಇದೆ. ಆದರೆ ದೀರ್ಘಾವಧಿ ಲಾಭವಾಗಿದ್ದು, ಮಾರಿ ಬಂದ ಹಣವನ್ನು ಎರಡು ವರ್ಷದೊಳಗೆ ಒಂದು ಮನೆಗೆ ಹಾಕಿದರೆ ವಿನಾಯಿತಿಯೂ ಇದೆ. ಆಡಿಟರುಗಳ ಬಾಯಲ್ಲಿ ಸದಾ ಇರೋ ‘54ಎಫ್’ ಅಂದರೆ ಇದೇ.

ಇದರಲ್ಲೊಂದು ತಮಾಷೆ ಇದೆ. ಪೂರ್ತಿ ವಿನಾಯಿತಿ ಬೇಕಂದ್ರೆ ಬರೀ ಲಾಭ ಹಾಕಿದರೆ ಸಾಲದು, ಮಾರಿ ಬಂದ ಅಷ್ಟೂ ಹಣ ಹಾಕಬೇಕು. 4 ಕೋಟಿಯ ಷೇರು ಮಾರಿದವರು 2 ಕೋಟಿಯ ಮನೆ ಕೊಂಡರೆ ಲಾಭದ ಅರ್ಧಕ್ಕೆ ತೆರಿಗೆ ಕಟ್ಟಬೇಕು. 4 ಕೋಟಿಯ ಮನೇನೇ ಕೊಂಡರೆ ಪೂರ್ತಿ ಮಾಫಿ. ಎರಡು ಬೆಡ್‌ರೂಮು ಸಾಕು ಅಂತಿದ್ದವರು ನಾಲ್ಕು ಬೆಡ್‌ರೂಮಿನ ಮನೆ ನೋಡೋಕೆ ಹೊರಡೋದು ಹೀಗೆ. 2023ರ ಏಪ್ರಿಲ್‌ನಿಂದ ಸರ್ಕಾರ ಈ ವಿನಾಯಿತಿಗೆ 10 ಕೋಟಿಯ ಮಿತಿ ಹಾಕಿತು. ತೀರಾ ದೊಡ್ಡ ಕುಳಗಳಿಗೆ ಅದು ತಟ್ಟಿತು, ನಮ್ಮ ಸಹೋದ್ಯೋಗಿಗಳಿಗಲ್ಲ.

ತೆರಿಗೆ ಲೆಕ್ಕದಿಂದ ಇಷ್ಟು ದೊಡ್ಡ ಮನೆ ಯಾಕೆ ಅನ್ನೋದು ಗೊತ್ತಾಗುತ್ತೆ. ಇಂಥಾ ಮನೇನೇ ಯಾಕೆ ಅನ್ನೋದಕ್ಕೆ ಬೆಂಗಳೂರನ್ನೇ ನೋಡಬೇಕು.

2024ರ ಮಾರ್ಚ್ ನೆನಪಿದೆಯಲ್ಲ? ಬೋರ್‌ವೆಲ್ ಬತ್ತಿ, ವೈಟ್‌ಫೀಲ್ಡ್ ಕಡೆ ದೊಡ್ಡ ದೊಡ್ಡ ಅಪಾರ್ಟ್‌ಮೆಂಟಿನವರೂ ಟ್ಯಾಂಕರ್ ದಾರಿ ಕಾಯ್ತಾ ಕೂತಿದ್ದರು. ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಈಜುಕೊಳಕ್ಕೂ ಆ ನೀರು ಬಿಡೋ ಹಾಗಿರಲಿಲ್ಲ. ಆಮೇಲೆ ಮನೆ ನೋಡೋಕೆ ಹೋದವರು ಮೊದಲು ಕೇಳೋ ಪ್ರಶ್ನೆ ‘ಕಾವೇರಿ ಕನೆಕ್ಷನ್ ಇದೆಯಾ?’ ಎರಡನೇದು, ‘ಕರೆಂಟ್ ಹೋದರೆ ಜನರೇಟರ್ ಪೂರ್ತಿ ಮನೆಗಾ, ಬರೀ ಲೈಟು ಫ್ಯಾನಿಗಾ?’

ಉಳಿದ ಕಾರಣಗಳೂ ಇದೇ ಜಾತಿಯವು. ಊರಿಂದ ಅಪ್ಪ ಅಮ್ಮ ಬಂದರೆ ಬೆಳಿಗ್ಗೆ ಎಡವದೆ ನಡೆಯೋಕೆ ಒಂದು ಸಮತಟ್ಟಾದ ದಾರಿ. ಮಗು ಚೆಂಡಿನ ಹಿಂದೆ ಓಡಿದರೆ ಬೈಕ್ ಬಂತೇನೋ ಅಂತ ಎದೆ ಧಸಕ್ ಅನ್ನದಿರೋ ಒಂದಿಷ್ಟು ಜಾಗ. ರಾತ್ರಿ ಹತ್ತಕ್ಕೆ ಹೆಂಗಸರೊಬ್ಬರೇ ಒಂದು ಸುತ್ತು ನಡೆದು ಬರೋ ಧೈರ್ಯ. ಕೋವಿಡ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಡೈನಿಂಗ್ ಟೇಬಲ್ಲಿನಲ್ಲಿ ಮೀಟಿಂಗ್ ಮಾಡಿದ ಮೇಲೆ ಇನ್ನೊಂದು ಕೋಣೆ. ಇವಕ್ಕೆ ಐಷಾರಾಮ ಅಂತ ಹೆಸರು! ನಮ್ಮ ಅಜ್ಜಿಗೆ ಹೇಳಿದರೆ ನಕ್ಕಾರು.

ಪ್ರತಿಷ್ಠೆ ಇಲ್ಲ ಅಂತೇನಲ್ಲ. ಗೃಹಪ್ರವೇಶದ ಫೋಟೋಗಳು ಯಾವ ಯಾವ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗುತ್ತವೆ ಅಂತ ನಮಗೆ ಗೊತ್ತೇ ಇದೆ. ಅದಕ್ಕಿಂತ ನನ್ನನ್ನು ಕಾಡೋದು ‘ಅಲ್ಲಿ ನಮ್ಮಂಥವರೇ ಇರ್ತಾರೆ’ ಅನ್ನೋ ಮಾತು. ಬೆಲೆಯೇ ಅಲ್ಲಿ ಗೇಟಿನ ಕಾವಲುಗಾರ. ಮನೆಗೆಲಸದವರಿಗೆ ಬೇರೆ ಲಿಫ್ಟ್ ಇದೆ ಅನ್ನೋದನ್ನ ಬ್ರೋಷರಿನಲ್ಲಿ ಸೌಲಭ್ಯಗಳ ಪಟ್ಟಿಗೆ ಸೇರಿಸಿರೋದು ಓದಿದಾಗ ನನಗಂತೂ ಕಸಿವಿಸಿ ಆಗುತ್ತೆ.

ಅಂದಹಾಗೆ, ಜಾಹೀರಾತಿನ 5 ಕೋಟಿಗೆ ಮನೆ ಸಿಗಲ್ಲ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿರೋ ನೋಂದಣಿ ಶುಲ್ಕ ಎಲ್ಲ ಸೇರಿ ಸುಮಾರು 38 ಲಕ್ಷ. ಕಟ್ಟಡ ಇನ್ನೂ ಮುಗಿದಿಲ್ಲ ಅಂದ್ರೆ ಶೇ. 5 ಜಿಎಸ್‌ಟಿ, ಅಂದರೆ ಇನ್ನೊಂದು 25 ಲಕ್ಷ. ನಮ್ಮೂರ ಕಡೆ ಅಷ್ಟರಲ್ಲಿ ಒಂದು ಮನೆಯೇ ಎದ್ದೀತು.

ಇಷ್ಟೆಲ್ಲ ಕೊಟ್ಟು ಕಾಂಪೌಂಡಿನ ಒಳಗೆ ಸೇರಿಕೊಂಡವರನ್ನು 2022ರ ಸೆಪ್ಟೆಂಬರ್ ಮಳೆ ಹೊರಗೆ ಕರೆತಂದಿತು. ಯಮಲೂರಿನ ಎಪ್ಸಿಲಾನ್‌ನಲ್ಲಿ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಗೆ ನೀರು ನುಗ್ಗಿತು, ದುಬಾರಿ ಕಾರುಗಳು ಮುಳುಗಿದವು. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ನಿವಾಸಿಗಳನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಬೆಂಗಳೂರಿನ ಕೆರೆಗಳು ಸರಪಳಿಯಂತೆ ಒಂದಕ್ಕೊಂದು ಜೋಡಣೆಯಾದವು; ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ರಾಜಕಾಲುವೆ ಹಿಡಿದು ನೀರು ಕೆಳಗಿನ ಕೆರೆಗೆ ಹೋಗಬೇಕು. ಕಾಲುವೆ ಕಿರಿದಾಗಿ, ತಗ್ಗಿನ ಜಾಗದಲ್ಲಿ ಮನೆ ಎದ್ದರೆ ನೀರು ತನ್ನ ಹಳೇ ದಾರಿ ಹುಡುಕ್ಕೊಂಡು ಹಾಲ್‌ಗೇ ಬರುತ್ತೆ. ಜನರೇಟರ್ ನೆಲಮಾಳಿಗೆಯಲ್ಲಿದ್ದರಂತೂ ಮೊದಲು ಮುಳುಗೋದು ಅದೇ.

ಆ ಮಳೆ ಕಂಡವರು ಈಗ ಮನೆ ನೋಡೋ ರೀತಿಯೇ ಬೇರೆ. ಸೇಲ್ಸ್ ಹುಡುಗ ಕ್ಲಬ್‌ಹೌಸ್ ವೀಡಿಯೋ ತೋರಿಸ್ತಿದ್ದರೆ, ಇವರು ಮಾಡೆಲ್ ಫ್ಲಾಟಿನ ಸೋಫಾದಲ್ಲೇ ಕೂತು ಫೋನಿನಲ್ಲಿ ದಿಶಾಂಕ್ ಆ್ಯಪ್ ತೆಗೀತಾರೆ. ರಾಜ್ಯ ಸರ್ಕಾರದ್ದೇ ಆ್ಯಪ್, ಪುಕ್ಕಟೆ. ನಿಂತ ಜಾಗದ ಸರ್ವೆ ನಂಬರ್ ಹೇಳುತ್ತೆ, ಪಕ್ಕದಲ್ಲಿ ಕೆರೆ, ರಾಜಕಾಲುವೆ ಇದ್ದರೆ ನಕ್ಷೆಯಲ್ಲಿ ತೋರಿಸುತ್ತೆ. ‘ಇಲ್ಲೊಂದು ಕಾಲುವೆ ಇದೆಯಲ್ಲ?’ ಅಂತ ಕೇಳಿದರೆ, ಹುಡುಗ ಮ್ಯಾನೇಜರನ್ನ ಕರ್ಕೊಂಡು ಬರ್ತೀನಿ ಸಾರ್ ಅಂತ ಎದ್ದು ಹೋಗ್ತಾನೆ.